ತೇಗಿಗೆ ಬಿದ್ದ ಬೀಗ

ಊಟ ಮುಗಿದ ಮೇಲೆ ನಮ್ಮವ್ವ ತಟ್ಟೆ ನೋಡುವುದಿಲ್ಲ, ಮುಖ ನೋಡುವುದಿಲ್ಲ. ಸುಮ್ಮನೆ ಕಿವಿ ಕೊಟ್ಟು ಕೂರುತ್ತಾಳೆ. ಉಂಡವನ ಗಂಟಲಿಂದ ಒಂದು ತೇಗು ಬಂತೋ, ಲೆಕ್ಕ ಚುಕ್ತಾ. ಬರಲಿಲ್ಲವೋ, ಸೌಟು ಮತ್ತೆ ಎದ್ದಿತು ಅಂತಲೇ ಅರ್ಥ. 'ಸಾಕು' ಅನ್ನುವ ಮಾತಿಗೆ ಅವಳ ಅಡುಗೆಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಸಾಕು ಅಂತ ನಾಚಿಕೆಗೂ ಅನ್ನಬಹುದು, ತೇಗು ನಾಚಿಕೆಗೆ ಬರುತ್ತದೆಯೇ ಅನ್ನುವುದು ಅವಳ ವಾದ. ಅಳಿಯಂದಿರು, ಬೀಗರು, ಓಟು ಕೇಳಲು ಬಂದು ಊಟಕ್ಕೆ ಸಿಕ್ಕಿಹಾಕಿಕೊಂಡವರು, ಎಲ್ಲರನ್ನೂ ಅವಳು ಇದೇ ತಕ್ಕಡಿಯಲ್ಲಿ ತೂಗಿ ಕಳಿಸಿದ್ದಾಳೆ. ಇಂಥ ಮನೆಯಲ್ಲಿ ಹುಟ್ಟಿದ ನಾನು 54ನೇ ವಯಸ್ಸಿನಲ್ಲಿ, ಯಾರ ಬಲವಂತವೂ ಇಲ್ಲದೆ, ಕೈಯಾರೆ ಸಹಿ ಹಾಕಿ ನನ್ನ ತೇಗಿಗೆ ಬೀಗ ಜಡಿಸಿಕೊಂಡು ಬಂದೆ.

ಬೀಗ ಜಡಿಸುವಂಥದ್ದು ಏನಾಗಿತ್ತು ಅನ್ನುತ್ತೀರಿ. ನನ್ನದು ಉಂಡ ತೃಪ್ತಿಯ ತೇಗಲ್ಲ, ಹುಳಿತೇಗು. ಊರಿನ ಭಾಷೆಯಲ್ಲಿ ಪಿತ್ತ, ಬೆಂಗಳೂರಿನ ಭಾಷೆಯಲ್ಲಿ ಗ್ಯಾಸ್ಟ್ರಿಕ್ಕು. ಈ ಊರಲ್ಲಿ ಗ್ಯಾಸ್ಟ್ರಿಕ್ಕಿಗೆ ಸಿಗದ ಗೌರವವಿಲ್ಲ. ಎದೆ ನೋವೋ, ಗ್ಯಾಸ್ಟ್ರಿಕ್ಕು. ತಲೆ ನೋವೋ, ಗ್ಯಾಸ್ಟ್ರಿಕ್ಕು. ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದನೋ, ಪಾಪ, ಅವತ್ತು ಅವನಿಗೂ ಗ್ಯಾಸ್ಟ್ರಿಕ್ ಇತ್ತಂತೆ. ಹದಿನೈದು ವರ್ಷ ನಾನೂ ಹೀಗೇ ಅಂದುಕೊಂಡು, ಬೆಳಿಗ್ಗೆ ಖಾಲಿ ಹೊಟ್ಟೆಗೊಂದು ಪ್ಯಾಂಟೊಪ್ರಜೋಲ್ ನುಂಗಿ, ಜೇಬಿನಲ್ಲಿ ಚೀಪುವ ಮಾತ್ರೆಯನ್ನು ಕಡಲೆಕಾಯಿಯ ಹಾಗೆ ಇಟ್ಟುಕೊಂಡು ಓಡಾಡಿದೆ. ರಾತ್ರಿ ಹನ್ನೊಂದಕ್ಕೆ ಗಂಟಲಿಗೆ ಹುಣಸೆಹುಳಿ ಬಂದು ನಿಂತು ಎದ್ದು ಕೂರುವುದು, ಕೆಮ್ಮುವುದು, ಮತ್ತೆ ಮಲಗುವುದು.

ಮಂಡ್ಯದ ಕಡೆಯವನಾದ್ದರಿಂದ ನನಗಿದು ಅರ್ಥವಾಗಿದ್ದು ತೂಬಿನ ಲೆಕ್ಕದಲ್ಲಿ. ಅನ್ನನಾಳ ಹೋಗಿ ಜಠರ ಸೇರುವ ಕಡೆ ಸ್ನಾಯುವಿನದೊಂದು ಬಳೆ ಇರುತ್ತದೆ. ಅನ್ನ ಬಂದಾಗ ತೆರೆಯಬೇಕು, ಇಳಿದ ಮೇಲೆ ಮುಚ್ಚಬೇಕು. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಕೂರಿಸಿದ, ಆಮೇಲೆ ನಮ್ಮ ಕನ್ನಂಬಾಡಿಗೂ ಬಂದ ಸ್ವಯಂಚಾಲಿತ ಗೇಟಿನ ಹಾಗೆ, ಯಾರೂ ಹೋಗಿ ತಿರುಗಿಸುವ ಕೆಲಸವಿಲ್ಲ. ನನ್ನ ಗೇಟು ಮಾತ್ರ ಸಡಿಲವಾಗಿ ನೇತಾಡುತ್ತಿತ್ತು. ಸಾಲದ್ದಕ್ಕೆ ಎದೆಗೂ ಹೊಟ್ಟೆಗೂ ನಡುವಿನ ವಪೆಯ ಕಂಡಿ ಅಗಲವಾಗಿ, ಜಠರದ ಮೇಲ್ತುದಿ ಪಕ್ಕದ ಮನೆ ಜಗಳ ನೋಡುವವರ ಹಾಗೆ ಎದೆಗೂಡಿನೊಳಗೆ ಇಣುಕುತ್ತಿತ್ತು. ಕನ್ನಂಬಾಡಿ 124.80 ಅಡಿ ತುಂಬಿದರೆ ಮುಖ್ಯಮಂತ್ರಿಗಳು ಬಂದು ಬಾಗಿನ ಕೊಡುತ್ತಾರೆ. ನನ್ನದು ದಿನಾ ರಾತ್ರಿ ತುಂಬಿ ಮೇಲ್ಮುಖವಾಗಿ ಹರಿಯುತ್ತಿತ್ತು, ಬಾಗಿನದ ಬದಲು ಹೆಂಡತಿಯ ಬೈಗುಳ.

ಅವಳು ಬೈದಿದ್ದರಲ್ಲಿ ತಪ್ಪಿಲ್ಲ. ತಲೆಕಡೆ ಮಂಚ ಆರು ಇಂಚು ಎತ್ತರ ಮಾಡಿ ಅಂತ ಡಾಕ್ಟರು ಹೇಳಿದ್ದರು, ನಾನು ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟೆ. ಮಂಚ ಒಂದು, ಮಲಗುವವರು ಇಬ್ಬರು. "ಹುಳಿ ಬರೋದು ನಿಮಗೆ. ಜಾರುಬಂಡೆ ಮೇಲೆ ನಾನ್ಯಾಕ್ರೀ ಮಲಗಬೇಕು?" ಅಂತ ಅವಳು. ಬೆಳಿಗ್ಗೆ ಎದ್ದಾಗ ಇಬ್ಬರೂ ಕಾಲುಕಡೆ ಮುದ್ದೆಯಾಗಿ ಬಿದ್ದಿರುತ್ತಿದ್ದೆವು. ಆಪರೇಷನ್ನಿಗೆ ನಾನು ಒಪ್ಪಿದ್ದು ಎದೆಯುರಿಗೆ ಹೆದರಿ ಅಂತ ಎಲ್ಲರಿಗೂ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಇಟ್ಟಿಗೆ ತೆಗೆಯಲಿಕ್ಕೆ.

ಅದಕ್ಕೂ ಮುಂಚೆ ಪರೀಕ್ಷೆಗಳು. ಎಂಡೋಸ್ಕೋಪಿಯ ಮಾತು ಬೇಡ. ಇನ್ನೊಂದರಲ್ಲಿ ಮೂಗಿನಿಂದ ಸಪೂರ ತಂತಿ ಇಳಿಸಿ, ಸೊಂಟಕ್ಕೊಂದು ಡಬ್ಬಿ ಕಟ್ಟಿ, 24 ಗಂಟೆ ಎಂದಿನ ಹಾಗೇ ಇರಿ, ಹುಳಿ ಎಷ್ಟು ಸಲ ಮೇಲೆ ಬರುತ್ತದೆ ಅಂತ ಅದೇ ಬರೆದುಕೊಳ್ಳುತ್ತದೆ ಅಂದರು. ಮೂಗಲ್ಲಿ ತಂತಿ ಇಟ್ಟುಕೊಂಡು ಎಂದಿನ ಹಾಗೆ ಇರುವುದು ಹೇಗೋ ಅವರನ್ನೇ ಕೇಳಬೇಕು. ಹಾಲಿನ ಬೂತಿನ ಹುಡುಗ ಬಹಳ ಹೊತ್ತು ನೋಡಿ, "ಸಾರ್, ಇದು ಹೊಸ ಮಾಡೆಲ್ ಇಯರ್‌ಫೋನಾ?" ಅಂದ. ಹೌದಪ್ಪಾ, ಹೊಟ್ಟೆಯ ಹಾಡು ಕೇಳ್ತಿದೀನಿ ಅಂದೆ.

ಆಪರೇಷನ್ನಿನ ಹೆಸರು ಫಂಡೋಪ್ಲಿಕೇಷನ್. ನನಗೆ ಬಾಯಿಗೆ ಬರಲಿಕ್ಕೆ ಮೂರು ದಿನ ಹಿಡಿಯಿತು, ಅವ್ವನಿಗೆ ಮೊದಲರ್ಧ ಸಾಕಾಯಿತು. "ಯಾವ ಫಂಡ್ಲಾ? ಪಿಎಫ್ಫಾ?" ಅಂದಳು. ದುಡ್ಡು ಎಲ್ಲಿಂದ ತೆಗೆದೆ ಅನ್ನುವುದು ಅವಳಿಗೆ ಹೇಗೆ ಗೊತ್ತಾಯಿತೋ! ಆಮೇಲೆ ವಿವರಿಸಿದೆ: ಜಠರದ ಮೇಲ್ಭಾಗಕ್ಕೆ ಫಂಡಸ್ ಅನ್ನುತ್ತಾರೆ ಕನವ್ವ, ಅದನ್ನ ಹಿಂದಿನಿಂದ ಎಳೆದು ತಂದು ಅನ್ನನಾಳದ ಬುಡಕ್ಕೆ ಸುತ್ತ ಸುತ್ತಿ ಹೊಲಿಗೆ ಹಾಕ್ತಾರೆ, ಅಗಲವಾದ ಕಂಡೀನೂ ಹೊಲಿದು ಕಿರಿದು ಮಾಡ್ತಾರೆ. ಅವ್ವ ಒಂದು ಗಳಿಗೆ ಯೋಚಿಸಿ, "ಸಿಂಬಿ ಸುತ್ತದಂಗೆ ಅನ್ನು" ಅಂದಳು. ಆಸ್ಪತ್ರೆಯ ಗೋಡೆಯ ಮೇಲಿದ್ದ ಬಣ್ಣದ ಚಿತ್ರಕ್ಕಿಂತ ಚೆನ್ನಾಗಿತ್ತು. ಕೊಡ ಅಲ್ಲಾಡದ ಹಾಗೆ ಸಿಂಬಿ, ಹುಳಿ ಏರದ ಹಾಗೆ ಇದು. ಹೊಟ್ಟೆ ತುಂಬಿದಷ್ಟೂ ಈ ಸಿಂಬಿ ತಾನೇ ಬಿಗಿಯುತ್ತದೆ ಅನ್ನುವುದು ಅದರ ಜಾಣತನ.

ಮನೆಯಲ್ಲಿ ಮಲಗಿದ್ದಾಗ, ನನ್ನ ಹೊಟ್ಟೆಗೆ ಸಿಂಬಿ ಸುತ್ತುವ ಯೋಚನೆ ಮೊದಲು ಯಾರ ತಲೆಗೆ ಬಂತಪ್ಪಾ ಅಂತ ಹುಡುಕಿ ಓದಿದೆ. ರುಡಾಲ್ಫ್ ನಿಸ್ಸೆನ್ ಅಂತ, ಜರ್ಮನಿಯ ಯಹೂದಿ ಸರ್ಜನ್. ಹಿಟ್ಲರ್ ಬಂದ ಮೇಲೆ 1933ರಲ್ಲಿ ಊರು ಬಿಟ್ಟು ಇಸ್ತಾಂಬುಲ್ ಸೇರಿದ. ಅಲ್ಲೊಬ್ಬ ರೋಗಿಯ ಅನ್ನನಾಳದ ಕೆಳತುದಿ ಕತ್ತರಿಸಿ ಜೋಡಿಸಿದಾಗ, ಜೋಡಿಸಿದ ಜಾಗಕ್ಕೆ ಭದ್ರವಾಗಲಿ ಅಂತ ಜಠರವನ್ನೇ ಸುತ್ತಿದ್ದ. ವರ್ಷಗಳಾದ ಮೇಲೆ ನೋಡಿದರೆ ಆ ರೋಗಿಗೆ ಎದೆಯುರಿಯೇ ಇಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಸ್ವಿಟ್ಜರ್ಲೆಂಡಿನ ಬಾಸೆಲ್ಲಿಗೆ ಬಂದ ಮೇಲೆ ಬೇಕೆಂದೇ ಮಾಡಿ 1956ರಲ್ಲಿ ಲೇಖನ ಬರೆದ. ಈ ಪುಣ್ಯಾತ್ಮನಿಗೆ ಸುತ್ತುವುದೇ ಕಸುಬು ಅಂತ ಕಾಣುತ್ತದೆ. 1948ರಲ್ಲಿ ಅಮೆರಿಕದಲ್ಲಿದ್ದಾಗ ಐನ್‌ಸ್ಟೈನ್ ಅವರ ಹೊಟ್ಟೆಯ ಮಹಾಪಧಮನಿ ಉಬ್ಬಿತ್ತು, ಅದಕ್ಕೆ ಸೆಲೋಫೇನ್ ಹಾಳೆ ಸುತ್ತಿದ. ಅವರು ಆಮೇಲೆ ಆರು ವರ್ಷದ ಮೇಲೆ ಬದುಕಿದರು. ಐನ್‌ಸ್ಟೈನ್‌ಗೆ ಸಿಕ್ಕಿದ್ದು ಸೆಲೋಫೇನ್, ನನಗೆ ಅಸಲಿ ಜಠರ. ಮೇಲುಗೈ ಯಾರದು ಅಂತ ನಾನು ಹೇಳುವುದು ಚೆನ್ನಾಗಿರುವುದಿಲ್ಲ.

ನಿಸ್ಸೆನ್ ಕಾಲದಲ್ಲಿ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಬೇಕಿತ್ತು. 1991ರಲ್ಲಿ ಬೆಲ್ಜಿಯಂನ ಡಲ್‌ಮಾನ್ಯ ಅನ್ನುವವರು ಸಣ್ಣ ತೂತುಗಳಿಂದಲೇ ಇದನ್ನು ಮಾಡಿದ್ದನ್ನು ಪ್ರಕಟಿಸಿದರು. ವೈದ್ಯಲೋಕಕ್ಕೆ ಅದು ದೊಡ್ಡ ಹೆಜ್ಜೆ, ನನ್ನ ಮರ್ಯಾದೆಗೆ ದೊಡ್ಡ ಪೆಟ್ಟು. ಏಕೆಂದರೆ ನೋಡಲು ಬಂದವರು ಮೊದಲು ಕೇಳುವುದೇ "ಎಲ್ಲಿ, ತೋರಿಸಿ" ಅಂತ. ಶರ್ಟು ಎತ್ತಿದರೆ ಐದು ಕಡೆ ಐದು ಪುಟ್ಟ ಪಟ್ಟಿ. ತೊಟ್ಟಿಲ ಮಗುವಿಗೆ ಸೊಳ್ಳೆ ಕಚ್ಚಿದ ಹಾಗೆ. ಬಂದವರ ಮುಖ ಬಾಡುತ್ತಿತ್ತು. ನಮ್ಮ ಚಿಕ್ಕಪ್ಪನಿಗಂತೂ ತಡೆಯಲಾಗಲಿಲ್ಲ. "ಇದ್ಕೆ ರಜಾ ಬೇರೆ ಹಾಕಿದ್ದೀಯಾ?" ಅಂದವರೇ ಬನಿಯನ್ ಎತ್ತಿ, ಮೂವತ್ತು ವರ್ಷದ ಹಿಂದೆ ಪಿತ್ತಕೋಶ ತೆಗೆಸಿದ ಗೇಣುದ್ದದ ಗೆರೆ ತೋರಿಸಿದರು. ಅವತ್ತು ಬಂದವರೆಲ್ಲ ನನ್ನನ್ನು ಬಿಟ್ಟು ಚಿಕ್ಕಪ್ಪನ ಯೋಗಕ್ಷೇಮ ವಿಚಾರಿಸಿ ಹೋದರು.

ಗಾಯ ಸಣ್ಣದು ನಿಜ, ನೋವು ಎಲ್ಲಿತ್ತು ಗೊತ್ತೇ? ಬಲ ಹೆಗಲಲ್ಲಿ. ಕೊಯ್ದಿದ್ದು ಹೊಟ್ಟೆ, ನೋಯುವುದು ಹೆಗಲು. ಮನೆಯವಳು ಎರಡು ದಿನ ಮುಲಾಮು ತಿಕ್ಕಿದ್ದೂ ತಿಕ್ಕಿದ್ದೇ, ಒಂದು ಚೂರೂ ಇಳಿಯಲಿಲ್ಲ. ಒಳಗೆ ಕೈಯಾಡಿಸಲು ಜಾಗವಾಗಲಿ ಅಂತ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಬಲೂನು ಮಾಡಿರುತ್ತಾರೆ. ಉಳಿದ ಗಾಳಿ ವಪೆಯನ್ನು ಕೆಣಕುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ, ಹೆಗಲಿನ ಸುದ್ದಿ ಒಯ್ಯುವ ನರವೂ ಅದೇ ಬೀದಿಯದು. ಹೀಗಾಗಿ ಮಿದುಳೆಂಬ ಪೋಸ್ಟ್‌ಮ್ಯಾನ್ ವಪೆಯ ಕಾಗದವನ್ನು ಹೆಗಲಿನ ಮನೆಗೆ ಹಾಕಿ ಹೋಗುತ್ತಾನೆ. ಮುಲಾಮಿಗೆ ಇದೆಲ್ಲ ತಿಳಿಯುವುದಿಲ್ಲ. ಹಾಲಿನಲ್ಲಿ ಅತ್ತಿಂದಿತ್ತ ನಡೆದಾಡಿ ಮೂರನೆಯ ದಿನಕ್ಕೆ ಹೋಯಿತು. ಸೋಡಾದೊಳಗಿರುವ ಗಾಳಿಯೂ ಇದೇ. ಗೋಲಿ ಸೋಡಾ ಅಂಗಡಿಯನ್ನೇ ಹೊಟ್ಟೆಗೆ ಇಳಿಸಿ, ಮನೆಗೆ ಕಳಿಸುವಾಗ "ಸೋಡಾ ಮಾತ್ರ ಮುಟ್ಟಬೇಡಿ" ಅಂತ ಚೀಟಿ ಬರೆದುಕೊಟ್ಟರು.

ಚೀಟಿಯಲ್ಲಿ ಎರಡನೆಯ ಹೆಸರು ಬ್ರೆಡ್ಡು. ಹೊಲಿಗೆಯ ಜಾಗ ಒಂದಷ್ಟು ವಾರ ಊದಿರುತ್ತದೆ, ಬ್ರೆಡ್ಡು ಅಲ್ಲಿ ಹೋಗಿ ಉಂಡೆಕಟ್ಟಿ ಬೆಣೆ ಹೊಡೆದ ಹಾಗೆ ನಿಲ್ಲುತ್ತದೆ. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರುವವರು ತರುವುದು ಏನು? ಒಂದು ಬ್ರೆಡ್ಡು, ಅರ್ಧ ಡಜನ್ ಮೂಸಂಬಿ. ತಿನ್ನಬಾರದು ಅಂತ ಹೇಳಿದರೂ, "ಬ್ರೆಡ್ ಲೈಟು ಸಾರ್, ಏನೂ ಆಗಲ್ಲ" ಅಂತ ಮಡಿಲಿಗಿಟ್ಟು ಹೋಗುತ್ತಿದ್ದರು. ಒಂದು ಭಾನುವಾರ ಎಣಿಸಿದರೆ ಹನ್ನೊಂದು ಪೌಂಡು. ಮನೆಯವಳು ಬ್ರೆಡ್ ಉಪ್ಪಿಟ್ಟು ಮಾಡಿದಳು, ಬ್ರೆಡ್ ಹಲ್ವ ಮಾಡಿದಳು, ಬ್ರೆಡ್ ಪಕೋಡ ಮಾಡಿದಳು. ನನ್ನ ಆಪರೇಷನ್ನಿನ ಹಬ್ಬವನ್ನು ನನ್ನೊಬ್ಬನನ್ನು ಬಿಟ್ಟು ಮನೆಮಂದಿಯೆಲ್ಲ ಆಚರಿಸಿದರು. ನಾನು ತುಪ್ಪದ ವಾಸನೆ ಹಿಡಿಯುತ್ತ ಎಳನೀರು ಗುಟುಕರಿಸಿದೆ. ಸ್ಟ್ರಾ ಹಾಕಿ ಕುಡಿಯುವಂತಿಲ್ಲ, ಗಾಳಿ ಹೋಗುತ್ತದಂತೆ. ಉಣ್ಣುವಾಗ ಮಾತಾಡುವಂತಿಲ್ಲ, ಅದರಲ್ಲೂ ಗಾಳಿ ಹೋಗುತ್ತದಂತೆ. ಈ ಎರಡನೆಯದನ್ನು ಓದಿದಾಗ ಮನೆಯವಳು ಆ ಚೀಟಿಯನ್ನು ಕಣ್ಣಿಗೊತ್ತಿಕೊಂಡಿದ್ದನ್ನು ನಾನು ಕಂಡಿದ್ದೇನೆ.

ಎರಡು ವಾರ ನೀರಾಹಾರ. ತಿಳಿಸಾರು, ಗಂಜಿ, ಮಜ್ಜಿಗೆ, ಅವ್ವ ಬಟ್ಟೆಯಲ್ಲಿ ಸೋಸಿ ಕೊಡುವ ರಾಗಿ ಅಂಬಲಿ. ಆಮೇಲೆ ಮಿಕ್ಸಿಯ ಪರ್ವ. ಇಡ್ಲಿ ಸಾಂಬಾರ್ ಹಾಕಿ ರುಬ್ಬಿದರೂ, ಅನ್ನ ಸೊಪ್ಪು ಹಾಕಿ ರುಬ್ಬಿದರೂ ಕಡೆಗೆ ಬರುವುದು ಒಂದೇ ಬಣ್ಣ, ಬಾಡಿಗೆ ಮನೆಯ ಗೋಡೆಗೆ ಬಳಿಯುತ್ತಾರಲ್ಲ ಅದು. ಮಾತ್ರೆಯನ್ನೂ ಇಡಿಯಾಗಿ ನುಂಗುವಂತಿಲ್ಲ. ಅವ್ವ ತನ್ನ ಅಡಿಕೆ ಕುಟ್ಟುವ ಕುಟ್ಟಾಣಿಯಲ್ಲಿ ಕುಟ್ಟಿ ಕೊಡುತ್ತಿದ್ದಳು. ಹದಿನೈದು ದಿನ ನನ್ನ ನೋವಿನ ಮಾತ್ರೆಗೆ ಎಲೆ, ಅಡಿಕೆ, ಸುಣ್ಣದ ರುಚಿ ಇತ್ತು. ಅದೊಂದೇ ಆ ದಿನಗಳ ಖಾರದ ಪದಾರ್ಥ.

ಇನ್ನು ಮುದ್ದೆ. ಬಿಡುಗಡೆಯ ದಿನ ಆಹಾರತಜ್ಞೆ, ಇಪ್ಪತ್ತೈದರ ಹುಡುಗಿ, "ಅಂಕಲ್, ಗಟ್ಟಿ ಆಹಾರ ಶುರು ಮಾಡಿದ ಮೇಲೆ ಒಂದೊಂದು ತುತ್ತನ್ನೂ ಮೂವತ್ತು ಸಲ ಅಗೀಬೇಕು" ಅಂದಳು. ಮುದ್ದೆ? ಅಂದೆ. "ಮುದ್ದೇನೂ ಅಷ್ಟೇ." ನಾನು ಮನೆಯವಳ ಮುಖ ನೋಡಿದೆ, ಅವಳು ನೆಲ ನೋಡಿದಳು. ತಾಯೀ, ಮುದ್ದೆಯನ್ನು ಮುರಿದು, ಉರುಳಿಸಿ, ಸಾರಿನಲ್ಲಿ ಹೊರಳಿಸಿ, ಗಂಟಲಿಗೆ ಬಿಡುತ್ತೇವೆ. ಅದಕ್ಕೆ ಹಲ್ಲು ತಾಗಿಸುವವನು ನಮ್ಮೂರಿನವನೇ ಅಲ್ಲ. ನಮ್ಮಲ್ಲಿ ಹೆಣ್ಣು ನೋಡಲು ಬಂದ ಗಂಡು ಮುದ್ದೆ ಅಗಿದದ್ದಕ್ಕೆ ಸಂಬಂಧ ಮುರಿದುಬಿದ್ದದ್ದುಂಟು (ಹಾಗಂತ ಅವ್ವ ಹೇಳುತ್ತಾಳೆ, ನಾನು ಸಾಕ್ಷಿ ಕೇಳಿಲ್ಲ). ಐವತ್ತು ವರ್ಷ ನುಂಗಿ ಕಲಿತ ವಿದ್ಯೆಯನ್ನು ಮೂವತ್ತು ಎಣಿಸುವ ಲೆಕ್ಕಕ್ಕೆ ಇಳಿಸಬೇಕಾಯಿತು. ಹನ್ನೆರಡಕ್ಕೆ ಬಾಯಿ ಖಾಲಿಯಾಗುತ್ತದೆ, ಮಿಕ್ಕ ಹದಿನೆಂಟು ಏನನ್ನು ಅಗಿಯುವುದು?

ಲಾಭ ಇಲ್ಲವೆಂದಲ್ಲ. ಆರು ವಾರ ಭಾರ ಎತ್ತಬಾರದು ಅಂತ ಚೀಟಿಯಲ್ಲಿತ್ತು. ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಭಾವಮೈದನ ಮನೆ ಬದಲಾವಣೆ, ಎಲ್ಲಕ್ಕೂ ಚೀಟಿ ತೋರಿಸಿದೆ. ಏಳನೆಯ ವಾರವೂ ತೋರಿಸಿದಾಗ ಮಗಳು ತಾರೀಖು ಎಣಿಸಿಬಿಟ್ಟಳು.

ಈ ಮಗಳು ಹೆಬ್ಬಾಳದಲ್ಲಿ ವೆಟರ್ನರಿ ಓದುವವಳು. ಅವಳಿಂದಲೇ ತೇಗಿನ ವಿಷಯ ಹೊರಬಿದ್ದಿದ್ದು. ಮನೆಗೆ ಬಂದು ನಾಲ್ಕು ದಿನವಾದರೂ ಅಂಬಲಿ ಕುಡಿದು ನಾನು ಸುಮ್ಮನೆ ಕೂತಿರುವುದನ್ನು ಅವ್ವ ಗಮನಿಸಿದ್ದಳು. ಕಿವಿ ಕೊಟ್ಟೇ ಕೂತಿರುತ್ತಿದ್ದಳು, ಏನೂ ಬರುತ್ತಿರಲಿಲ್ಲ. "ಇನ್ನೊಂದು ಲೋಟ ಬುಡ್ಲಾ?" ಬೇಡವ್ವ. "ಉಂಡಂಗೇ ಆಗಿಲ್ವಲ್ಲೋ." ಆಯ್ತು ಕನವ್ವ. ಆಗ ಮಗಳು, "ಅಜ್ಜಿ, ಅಪ್ಪಂಗೆ ಇನ್ಮೇಲೆ ಅಷ್ಟು ಸುಲಭವಾಗಿ ತೇಗು ಬರಲ್ಲ. ವಾಂತೀನೂ ಬರಲ್ಲ. ಕುದುರೆಗೂ ಹಂಗೇ, ಅದರ ಅನ್ನನಾಳದ ಬಾಯಿ ಅಷ್ಟು ಬಿಗಿ. ಅಪ್ಪ ಈಗ ಕುದುರೆ" ಅಂದಳು.

ಕುದುರೆ ಅಂದದ್ದಕ್ಕೆ ನಾನು ಎದೆ ಸೆಟೆಸುವಷ್ಟರಲ್ಲಿ ಅವ್ವನ ಮುಖ ಕಪ್ಪಿಟ್ಟಿತು. ಅವಳು ಕುದುರೆ ಸಾಕಿದವಳಲ್ಲ, ಹಸು ಸಾಕಿದವಳು. ಹಸು ಮೇದು ಬಂದು ಮಲಗಿ ದಿನವಿಡೀ ತೇಗುತ್ತದೆ, ತೇಗಲೇಬೇಕು. ತೇಗು ನಿಂತ ಹಸುವಿನ ಹೊಟ್ಟೆ ಗಾಳಿಗೆ ಉಬ್ಬರಿಸಿ, ಎಡಪಕ್ಕೆ ನಗಾರಿಯಾಗಿ, ನೋಡನೋಡುತ್ತ ಸತ್ತುಹೋಗುತ್ತದೆ. ಅಂಥ ರಾತ್ರಿ ಕೊಟ್ಟಿಗೆಯಲ್ಲಿ ಲಾಟೀನು ಹಿಡಿದು, ಬಿದಿರಿನ ಗೊಟ್ಟದಲ್ಲಿ ಎಣ್ಣೆ ಹೊಯ್ದು ಹಸು ಉಳಿಸಿಕೊಂಡವಳು ಅವಳು. "ತೇಗ್ದೇ ಇದ್ರೆ ಜೀವ ಉಳೀತದೇನ್ಲಾ?" ಅಂದಳು. ಅವಳ ಕಣ್ಣು ನನ್ನ ಎಡಪಕ್ಕೆಯ ಮೇಲಿತ್ತು. ಮಾರನೆಯ ದಿನ ಊರಿಗೆ ಫೋನ್ ಮಾಡಿ, ಅಟ್ಟದ ಮೇಲಿನ ಗೊಟ್ಟ ಯಾರಾದರೂ ಬರುವವರ ಕೈಲಿ ಕಳಿಸಿ ಅಂತ ಪಿಸುಗುಟ್ಟುತ್ತಿದ್ದಳು.

ಅವ್ವ ಅಂದುಕೊಂಡಷ್ಟು ಅಪಾಯವೇನೂ ಇರಲಿಲ್ಲ, ಆದರೆ ಅವಳು ಪೂರ್ತಿ ತಪ್ಪೂ ಅಲ್ಲ. ನುಂಗಿದ ಗಾಳಿ ಮೇಲೆ ಬರಲಾರದೆ ಒಳಗೇ ಉಬ್ಬುವುದಕ್ಕೆ ವೈದ್ಯರು ಬೇರೆ ಹೆಸರೇ ಇಟ್ಟಿದ್ದಾರೆ. ಮೇಲಿನ ರಸ್ತೆ ಬಂದಾದರೆ ಗಾಡಿಗಳನ್ನು ಕೆಳಗಿನ ರಸ್ತೆಗೆ ತಿರುಗಿಸುವುದು ಟ್ರಾಫಿಕ್ ಪೊಲೀಸರ ಪದ್ಧತಿ, ದೇಹದ್ದೂ ಅದೇ. ಹಾರನ್ ಹೊಡೆಯಬಾರದ ಹೊತ್ತಿನಲ್ಲಿ, ಬೀಗರು ಕೂತಿರುವಾಗ, ಗಾಡಿಗಳು ಸಾಲಾಗಿ ಹೊರಡುತ್ತಿದ್ದವು. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದು ನಿಮಗೂ ಬೇಡ, ನನಗೂ ಬೇಡ. ನಾಯಿ ಸಾಕಿದವರಿಗಾದರೂ ದೂರಲು ಒಂದು ಪ್ರಾಣಿ ಇರುತ್ತದೆ.

ಇಪ್ಪತ್ನಾಲ್ಕನೆಯ ದಿನ ನಾನು ಕಳ್ಳನಾದೆ. ಮಧ್ಯಾಹ್ನ, ಮನೆಯವಳು ದೇವಸ್ಥಾನಕ್ಕೆ ಹೋಗಿದ್ದಳು, ಅವ್ವ ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಹಾಟ್‌ಬಾಕ್ಸ್ ತೆಗೆದರೆ ಒಂದು ಮುದ್ದೆ, ಪಕ್ಕದಲ್ಲಿ ಸೊಪ್ಪಿನ ಸಾರು. ನಿಂಬೆಹಣ್ಣಿನ ಗಾತ್ರ ಮಾತ್ರ ಮುರಿದೆ. ಮೂವತ್ತು ಸಲ ಅಗಿಯುತ್ತೇನೆ ಅಂತಲೇ ಬಾಯಿಗಿಟ್ಟೆ, ದೇವರಾಣೆ. ಆದರೆ ಸಾರಿನ ಒಗ್ಗರಣೆಯ ಬೆಳ್ಳುಳ್ಳಿ ನಾಲಿಗೆಗೆ ತಾಗಿದ್ದೇ ತಡ, ಗಂಟಲು ತನ್ನ ಹಳೆಯ ಸರ್ವಿಸು ನೆನಪು ಮಾಡಿಕೊಂಡು ಸರಕ್ಕನೆ ಎಳೆದುಕೊಂಡುಬಿಟ್ಟಿತು.

ನಿಂತಿತು. ಎದೆಯ ನಡುಮಧ್ಯೆ, ಸಿಂಬಿಯ ಮೇಲೆ ಕೊಡ ಕೂತ ಹಾಗೆ ಕೂತಿತು. ಮೇಲೂ ಬರದು, ಕೆಳಗೂ ಇಳಿಯದು. ನೀರು ಕುಡಿಯೋಣ ಅಂದರೆ ಅದೂ ಅದರ ಮೇಲೆ ಬಂದು ನಿಲ್ಲುತ್ತದೆ. ಬಾಯಲ್ಲಿ ಜೊಲ್ಲು ನೊರೆನೊರೆ, ಕಣ್ಣಲ್ಲಿ ನೀರು. ಸಿಕ್ಕಿಕೊಂಡರೆ ಗಾಬರಿಯಾಗಬೇಡಿ, ಎದ್ದು ಓಡಾಡಿ, ಉಗುಳೂ ಇಳಿಯದೆ ಹಾಗೇ ನಿಂತರೆ ತಕ್ಷಣ ಬನ್ನಿ ಅಂದಿದ್ದರು. ಓಡಾಡಿದೆ. ಆ ಸದ್ದಿಗೆ ಅವ್ವ ಎದ್ದಳು. ನನ್ನ ಮುಖ ನೋಡಿದಳು, ಬೆರಳಿನ ರಾಗಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಇಲ್ಲ. ನನ್ನ ಪಕ್ಕದಲ್ಲಿ ತಾನೂ ನಡೆಯಲು ಶುರುಮಾಡಿದಳು, ಬೆನ್ನಿಗೆ ಕೈಯಿಟ್ಟುಕೊಂಡು, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ, ಉಬ್ಬರಿಸಿದ ಹಸುವನ್ನು ನಡೆಸಾಡಿಸಿದ ಹಾಗೇ. ಕಾಲು ಗಂಟೆಯಾಗಿರಬಹುದು. ಒಂದು ಗಳಿಗೆಯಲ್ಲಿ ಒಳಗೆ ಏನೋ ಜಾರಿತು, ನಾಲೆಗೆ ನೀರು ಬಿಟ್ಟ ಹಾಗೆ ತಣ್ಣಗಾಯಿತು. ಇಳೀತು ಕನವ್ವ ಅಂದೆ. "ಸಾರು ಚೆಂದಾಗಿತ್ತಾ?" ಅಂದಳು.

ಮನೆಯವಳಿಗೆ ಅವಳು ಹೇಳಲಿಲ್ಲ. ಹಾಟ್‌ಬಾಕ್ಸಿನ ಮುದ್ದೆ ಯಾಕೆ ಹುಣ್ಣಿಮೆ ಕಳೆದ ಚಂದ್ರನ ಹಾಗಿದೆ ಅಂತ ಕೇಳಿದ್ದಕ್ಕೆ, "ನಾನೇ ಒಸಿ ಮುರ್ಕಂಡೆ" ಅಂದಳು.

ಅವತ್ತು ರಾತ್ರಿ ಮತ್ತೆ ಅಂಬಲಿಗೆ ಇಳಿದೆ. ಒಂದು ಲೋಟಕ್ಕೆ ನಲವತ್ತು ನಿಮಿಷ. ಅವ್ವ ಎದುರಿಗೆ ಗೋಡೆಗೊರಗಿ ಕೂತಿದ್ದಳು. ಮನೆಯವರ ಊಟ ಇನ್ನೂ ಆಗಿರಲಿಲ್ಲ. ಕಡೆಯ ಗುಟುಕು ಮುಗಿಸಿ ಲೋಟ ಕೆಳಗಿಟ್ಟೆ. ಅವಳು ಎಂದಿನ ಹಾಗೆ ಕಿವಿ ಕೊಟ್ಟಳು. ನಾನೂ ಪ್ರಯತ್ನ ಮಾಡಿದೆ, ಎದೆ ಎತ್ತಿದೆ, ಗಂಟಲು ಚಾಚಿದೆ. ಗಡಿಯಾರದ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಆಗ ಗೋಡೆಯ ಕಡೆಯಿಂದ ಒಂದು ತೇಗು ಬಂತು. ಸಣ್ಣದಲ್ಲ, ಬೀಗರೂಟದ ತೇಗು, ಮನೆಯವಳು ಅಡುಗೆಮನೆಯಿಂದ ಇಣುಕುವಂಥದ್ದು.

"ಅವ್ವಾ, ನೀನಿನ್ನೂ ಉಂಡೇ ಇಲ್ವಲ್ಲ?"

"ನಂದಲ್ಲ ಕನ್ಲಾ ಅದು, ನಿಂದು," ಅಂದಳು. "ಲೋಟ ಇತ್ಲಾಗೆ ಕೊಡು, ತೊಳೀತೀನಿ."